ಓಣ್ಯಾಗ ಆರ್ ಮಂದಿ ಇದ್ರ ಸಾಕು, ತಾಟಿನಿಂದ ಶುರು ಮಾಡ್ರಿ

ಸುಸ್ಥಿರ ಬದುಕು ಅಂದಕೂಡ್ಲೆ ನಮ್ ಹುಡುಗ್ರು ಊರ ಹೊರಗ ಎರಡೆಕ್ರೆ ತಗೊಂಡು ಮಣ್ಣಿನ ಮನಿ ಕಟ್ಟೋ ಮಾತಿಗೆ ಹೋಗಿಬಿಡ್ತಾರ. ಬ್ಯಾಡ ಅನ್ನಂಗಿಲ್ಲ, ರೊಕ್ಕ ಎಲ್ಲೈತಿ? ಇರೋ ಓಣ್ಯಾಗ ಶುರು ಮಾಡ್ರಿ. ನಾವು ಕೊಪ್ಪಳದಾಗ ಮಾಡಿದ್ದು ಹೇಳ್ತೀನಿ.

ಮೊದ್ಲು ತಾಟು. ಯಾರ ಮನ್ಯಾಗರ ಸೀಮಂತ ಆತು ಅಂದ್ರ ಮರುದಿನ ಗಟಾರ ತುಂಬ ಪ್ಲಾಸ್ಟಿಕ್ ತಾಟು, ಗ್ಲಾಸು, 2022ರ ಜುಲೈ 1ರಿಂದ ಇವೆಲ್ಲ ಬ್ಯಾನ್ ಆಗ್ಯಾವ ಅಂತ ಹೇಳಿದ್ರ ಅಂಗಡ್ಯಾವ ನಗ್ತಾನ. ಮಂದಿಗೆ ಬುದ್ಧಿ ಹೇಳಾಕ ಹೋಗಬ್ಯಾಡ್ರಿ, ಸ್ಟೀಲ್ ತಾಟು ಕೈಯಾಗ ಕೊಡ್ರಿ. ಪಟ್ಟಿ ಎತ್ತಿ 100 ತಾಟು, 100 ಗ್ಲಾಸು ತರ್ರಿ, ಅಂಚಿಗೆ ಓಣಿ ಹೆಸರು ಕೊರಸ್ರಿ. ನಾವು ಕೊರಸಿರಲಿಲ್ಲ, ಮೊದಲ್ನೇ ಸಲ 100 ಹೋಗಿ 83 ಬಂದ್ವು, ಅದ್ರಾಗ ನಾಕು ನಮ್ಮವಲ್ಲ! ಒಯ್ಯುವಾಗ ಎಣಿಸಿ ಬರೀರಿ, 500 ರೂಪಾಯಿ ಡೆಪಾಸಿಟ್ ಇಟ್ಕೋರಿ. ತೊಳದು ಕೊಡೋದು ಒಯ್ದವ್ರ ಕೆಲಸ ಅಂತ ಮೊದ್ಲ ಹೇಳ್ರಿ, ಇಲ್ಲಂದ್ರ ತಿಕ್ಕೋದು ನಿಮ್ಮವ್ವನ ಪಾಲಿಗೆ ಬರ್ತೈತಿ, ಎರಡ್ನೇ ಸಲ ಆಕಿನ ಎಲ್ಲಾ ಬಂದ್ ಮಾಡಸ್ತಾಳ.

ಆಮ್ಯಾಲ ಗೊಬ್ಬರ. ಹಳೇ ಡ್ರಮ್ಮಿಗೆ ಸುತ್ತ ತೂತು ಹೊಡೀರಿ, ಒಂದು ಪಾಲು ಹಸಿ ಕಸಕ್ಕ ಎರಡ್ಮೂರು ಪಾಲು ಒಣ ಎಲಿ, ಇಲ್ಲಾ ಕತ್ತರಿಸಿದ ಜ್ವಾಳದ ಕಣಕಿ, ಗಂಗಾವತಿ ಕಡೆಯವ್ರಿಗೆ ನೆಲ್ಲುಲ್ಲು ಐತಲ್ಲ. ಎಲ್ಲಾರೂ ವಾಸನಿ ಬರ್ತೈತಿ ಅಂತ ಅಂಜಸ್ತಾರ, ನಮ್ ಕಡೆ ಏಪ್ರಿಲ್ ಬಿಸಿಲಿಗೆ ವಾಸನಿಕಿಂತ ಒಣಗೋದ ದೊಡ್ಡ ತ್ರಾಸು, ಕಸ ಹಪ್ಪಳ ಆಗಿ ಕೂತ್ಬಿಡ್ತೈತಿ. ಒಂದು ಹಿಡಿ ತಗೊಂಡು ಹಿಚುಕ್ರಿ: ಉಂಡಿ ಆಗಬೇಕು, ನೀರು ಸೋರಬಾರ್ದು. ಉದುರಿದ್ರ ಅಕ್ಕಿ ತೊಳದ ನೀರು ಚಿಮುಕಿಸಿ ಮ್ಯಾಲ ಹಸಿ ಗೋಣಿಚೀಲ ಹೊಚ್ರಿ.

ಮೂರನೇದು ಮಳಿ ನೀರು ಹಿಡಿಯೋದು. ಲೆಕ್ಕ ಸರಳ ಐತಿ, 600 ಚದರಡಿ ಮಾಳಿಗಿ ಮ್ಯಾಲ 1 ಸೆಂಟಿಮೀಟರ್ ಮಳಿ ಬಿದ್ರ 550 ಲೀಟರ್ ಆಗ್ತೈತಿ. ಮೊದಲ್ನೇ ಮಳಿ ಬಿಟ್ಟುಬಿಡ್ರಿ, ಧೂಳು ತೊಳೀಲಿ.

ಇನ್ನ ಮಂದಿ ಕೂಡಸೋದು. 2019ರಾಗ ನಮ್ಮೂರ ಗವಿಮಠದ ಅಜ್ಜಾರು, ಅಂದ್ರ ಮಠದ ಸ್ವಾಮಿಗಳು, ಹಿರೇಹಳ್ಳ ಸ್ವಚ್ಛ ಮಾಡಾಕ ನಿಂತಾಗ ಜನ ತಾವಾಗೇ ಬಂದ್ರು. ನಾವು ಕರದ್ರ ಹಂಗ ಬರಂಗಿಲ್ಲ, ಅದಕ್ಕ ಐತವಾರ ಒಂದೇ ತಾಸು ಕೆಲಸ ಅಂತ ಹೇಳ್ರಿ, ಮುಗದ ಮ್ಯಾಲ ಒಗ್ಗರಣಿ ಮಿರ್ಚಿ. ಅದನ್ನರ ಪ್ಲಾಸ್ಟಿಕ್ ಚೀಲದಾಗ ಕಟ್ಟಿಸ್ಕೊಂಡು ಬರಬ್ಯಾಡ್ರಿ ಮಾರಾಯ್ರ, ಡಬ್ಬಿ ಒಯ್ರಿ, ತಾಟು ಹೆಂಗೂ ಅದಾವ.