ಬಡ್ಸ್ ಕೇಂದ್ರದ ತರಕಾರಿ ತೋಟ ಮುಚ್ಚದಂತೆ ನಾವು ತಡೆದದ್ದು ಹೀಗೆ

ಕೇರಳದ ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಕಡೆ ಆಗ ಅದರ ಬಾಧೆಯೊಂದಿಗೆ ಹುಟ್ಟಿದ ಮಕ್ಕಳಿಗೆ ಈಗ ಶಾಲೆಯ ವಯಸ್ಸು ದಾಟಿದೆ. ಹದಿನೆಂಟು ತುಂಬಿದ, ಬುದ್ಧಿಬೆಳವಣಿಗೆಯ ತೊಂದರೆ ಇರುವವರಿಗೆ ಹಗಲು ಹೋಗಲು ಪಂಚಾಯತಿನ ಬಡ್ಸ್ ಪುನರ್ವಸತಿ ಕೇಂದ್ರವೇ ಗತಿ. ನಮ್ಮ ಕೇಂದ್ರದ 20 ಸೆಂಟ್ಸ್ ತರಕಾರಿ ತೋಟಕ್ಕೆ ‘ಬರುವವರು ಕಡಿಮೆ, ಖರ್ಚು ಜಾಸ್ತಿ’ ಎಂದು ಬೀಗ ಹಾಕಲು ಹೊರಟಾಗ ಹೆತ್ತವರೂ ತೋಟ ಕಲಿಸುವವರೂ ಸೇರಿ ಮಾಡಿದ ಕೆಲಸ ಇದು.

ಮೊದಲು ಬೇಕಾದ್ದು ತೀರ್ಮಾನದ ಕಾಗದ. ಬಾಯಿಮಾತಿನ ಮೇಲೆ ಜಗಳಕ್ಕೆ ನಿಂತರೆ ‘ಹಾಗೆ ಯಾರು ಹೇಳಿದ್ದು?’ ಎಂಬ ಉತ್ತರ ಬರುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಪಂಚಾಯತು ಕಚೇರಿಗೆ ಕೊಟ್ಟೆವು. ಬಿಪಿಎಲ್‌ನವರು ಅದರ ಪುರಾವೆ ಇಟ್ಟರೆ ಫೀಸು ಇಲ್ಲ. ಅರ್ಜಿಯಲ್ಲಿ ‘ಯಾಕೆ ಮುಚ್ಚುತ್ತೀರಿ’ ಎಂದು ಕೇಳಬಾರದು. ‘ಅಂಥ ಮಾಹಿತಿ ಇಲ್ಲ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಪ್ರತಿಗಳನ್ನೇ ಕೇಳಬೇಕು: ಠರಾವಿನ ಪ್ರತಿ ನಂಬರು ತಾರೀಕು ಸಮೇತ, ಹನ್ನೆರಡು ತಿಂಗಳ ಹಾಜರಿ, ಮನೆಯಿಂದ ಕರೆತರುವ ವಾಹನದ ಲಾಗ್ ಬುಕ್, ಯೋಜನೆಯಲ್ಲಿ ಇಟ್ಟ ಹಣ ಮತ್ತು ಖರ್ಚಾದ ಹಣ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅರ್ಜಿ ಕನ್ನಡದಲ್ಲೇ ಇರಲಿ. ಕೇರಳದ ಭಾಷಾ ಕಾಯ್ದೆಯ ಪ್ರಕಾರ ಕನ್ನಡಿಗರು ಈ ಭಾಗದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳ ಓದಲು ಬಾರದ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ.

ಹಾಜರಿಯನ್ನೂ ಲಾಗ್ ಬುಕ್ಕನ್ನೂ ಪಕ್ಕಪಕ್ಕ ಇಟ್ಟು, ತಾರೀಕಿಗೆ ತಾರೀಕು ತಾಳೆ ನೋಡಿದೆವು. ಗಾಡಿ ಓಡಿದ ದಿನ ಒಟ್ಟು ಹದಿನಾಲ್ಕು ಮಂದಿಯಲ್ಲಿ ಹನ್ನೆರಡು, ಹದಿಮೂರು ಮಂದಿ ಬಂದಿದ್ದರು. ಗಾಡಿ ನಿಂತ ದಿನ ನಾಲ್ಕೈದು. ಕಡಿಮೆಯಾದದ್ದು ತೋಟದ ಅಗತ್ಯವಲ್ಲ, ಗಾಡಿಯ ಡೀಸೆಲ್. ನಮ್ಮ ಮನವಿಯ ಮೊದಲ ಪುಟ ಈ ಎರಡು ಸಾಲಿನ ಪಟ್ಟಿಯೇ ಆಯಿತು. ಕಣ್ಣೀರಿನ ಮಾತು ಅದರಲ್ಲಿ ಹಾಕಲಿಲ್ಲ. ಕನಿಕರಪಟ್ಟವರು ಓಣಂ ಕಿಟ್ ಕೊಟ್ಟು ಕಳಿಸುತ್ತಾರೆ, ತೋಟ ಉಳಿಯುವುದಿಲ್ಲ.

ಎರಡನೆಯದು ಕೆಲಸದ ದಾಖಲೆ. ‘ಇವರೇನು ಮಾಡುತ್ತಾರೆ, ಸುಮ್ಮನೆ ನೀರು ಚೆಲ್ಲುತ್ತಾರೆ’ ಎನ್ನುವವರಿಗೆ ಇದೇ ಉತ್ತರ. ಹರಿವೆ ಬಿತ್ತುವುದನ್ನೇ ತೆಗೆದುಕೊಳ್ಳಿ. ಬೀಜ ಸಾಸಿವೆಗಿಂತ ಸಣ್ಣದು, ನೇರವಾಗಿ ಕೈಗೆ ಕೊಟ್ಟರೆ ಒಂದೇ ಕಡೆ ಬಿದ್ದು ಮುದ್ದೆಯಾಗಿ ಏಳುತ್ತದೆ. ಒಂದು ಪಾಲು ಬೀಜಕ್ಕೆ ನಾಲ್ಕು ಪಾಲು ಒಣ ಮರಳು, ಒಂದು ಹಿಡಿ ರವೆ ಬೆರೆಸುತ್ತೇವೆ. ಇರುವೆಗಳು ರವೆ ಹೊತ್ತು ಹೋಗುತ್ತವೆ, ಬೀಜ ಉಳಿಯುತ್ತದೆ. ಅದನ್ನು ತೆಂಗಿನ ಗೆರಟೆಯಲ್ಲಿ ತುಂಬಿ, ಸಾಲಿನ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿದ ಗೂಟ ಹುಗಿಯುತ್ತೇವೆ. ಬಟ್ಟೆಯಿಂದ ಬಟ್ಟೆಗೆ ಒಂದು ಗೆರಟೆ: ಎಣಿಸಲು ಬಾರದವರಿಗೂ ಇದು ತಿಳಿಯುತ್ತದೆ. ನೀರಿನ ಕ್ಯಾನು ಐದು ಲೀಟರಿನದಾದರೂ ಎರಡು ಲೀಟರಿನಲ್ಲಿ ಪೈಂಟಿನ ಗೆರೆ. ತುಂಬಿ ಕೊಟ್ಟರೆ ಭಾರಕ್ಕೆ ಬಗ್ಗಿ ಏರಿಯನ್ನೇ ತೊಳೆದುಬಿಡುತ್ತಾರೆ. 25ರಿಂದ 30 ದಿನದಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ.

ಈ ಕೆಲಸವನ್ನು ಐದು ತುಂಡು ಮಾಡಿ, ಪ್ರತಿಯೊಬ್ಬರ ಹೆಸರಿನ ಮುಂದೆ ವಾರಕ್ಕೊಮ್ಮೆ ಒಂದೊಂದು ತುಂಡಿಗೂ ನಾಲ್ಕರಲ್ಲಿ ಒಂದು ಗುರುತು ಹಾಕಿದೆವು: ತಾನಾಗಿ ಮಾಡಿದ, ಹೇಳಿದರೆ ಮಾಡಿದ, ತೋರಿಸಿದರೆ ಮಾಡಿದ, ಕೈಹಿಡಿದರೆ ಮಾಡಿದ. ಮೂರು ತಿಂಗಳಲ್ಲಿ ‘ಕೈಹಿಡಿದರೆ’ಯಿಂದ ‘ಹೇಳಿದರೆ’ಗೆ ಬಂದದ್ದು ಹಾಳೆಯಲ್ಲೇ ಕಾಣುತ್ತದೆ. ಹಿಂದೆ ಹೋದವರದ್ದನ್ನೂ ಹಾಗೆಯೇ ಬರೆದು, ಜ್ವರವೋ ಮದ್ದು ಬದಲಾದದ್ದೋ, ಕಾರಣ ಹಾಕಬೇಕು. ತಿಂಗಳ ಕೊನೆಗೆ ಒಂದೇ ಕೂತಲ್ಲಿ ಒಂದೇ ಪೆನ್ನಿನಲ್ಲಿ ತುಂಬಿದ ಪುಸ್ತಕವನ್ನು ನೋಡಿದ ಕೂಡಲೇ ಯಾರಿಗೂ ಗೊತ್ತಾಗುತ್ತದೆ.

ತೋಟದಲ್ಲಿ ದುಡಿಯುವವರ ಮಾತನ್ನು ಅವರಿಂದಲೇ ಕೇಳಬೇಕು. ‘ತೋಟ ಬೇಕಾ?’ ಎಂದರೆ ‘ಬೇಕು’, ‘ಮುಚ್ಚೋಣವಾ?’ ಎಂದರೂ ‘ಹೂಂ’ ಎನ್ನುವವರು ಹಲವರು. ಎದುರಿನವರ ಮನಸ್ಸು ನೋಯಿಸಬಾರದೆಂಬ ಒಗ್ಗಿಕೆ ಅದು. ತೋಟ, ಮನೆಯ ಜಗಲಿ, ಟಿವಿ, ಹೊಲಿಗೆ ಕೋಣೆ: ಹೀಗೆ ನಾಲ್ಕು ಫೋಟೋ ಮುಂದಿಟ್ಟು ಆರಿಸಲು ಹೇಳಿದೆವು. ಮೂರು ದಿನ ಬಿಟ್ಟು, ಫೋಟೋಗಳ ಜಾಗ ಬದಲಿಸಿ, ಬೇರೊಬ್ಬರ ಕೈಯಲ್ಲಿ ಮತ್ತೆ ಕೇಳಿಸಿದೆವು. ಎರಡೂ ಸಲ ಒಂದೇ ಆರಿಸಿದರೆ ಮಾತ್ರ ಲೆಕ್ಕಕ್ಕೆ. ಮನವಿಗೆ ಅವರದೇ ಸಹಿ ಅಥವಾ ಹೆಬ್ಬೆಟ್ಟು, ಹೆತ್ತವರದ್ದು ಅದರ ಕೆಳಗೆ.

ಆಮೇಲೆ ಗ್ರಾಮಸಭೆ. ವಾರ್ಡಿನ ಮತದಾರರಲ್ಲಿ ಶೇ. 10 ಮಂದಿ ವಿಷಯ ನಮೂದಿಸಿ ಬರೆದುಕೊಟ್ಟರೆ 15 ದಿನದೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕೆಂದು ಕೇರಳ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಎರಡು ಸಾಮಾನ್ಯ ಸಭೆಗಳ ನಡುವೆ ಇಂಥದ್ದು ಒಂದೇ, ಹಾಗಾಗಿ ತಯಾರಿಲ್ಲದೆ ಕೇಳಿ ಅವಕಾಶ ಹಾಳುಮಾಡಬಾರದು. ಸಾವಿರ ಮತದಾರರಿದ್ದರೆ ನೂರು ಸಹಿ ಸಾಲದು, 130 ತೆಗೆಯಿರಿ. ಬೇರೆ ವಾರ್ಡಿನವರು, ಎರಡೆರಡು ಸಲ ಸಹಿ ಹಾಕಿದವರು ಕಳೆದುಹೋಗುತ್ತಾರೆ. ಮತದಾರರ ಪಟ್ಟಿಯ ಕ್ರಮಸಂಖ್ಯೆ ಸಹಿಯ ಪಕ್ಕದಲ್ಲೇ ಇರಲಿ. ಸಭೆ ನಡೆಯಲು ಬೇಕಾದ ಹಾಜರಿ (ಕೋರಂ) ಕೂಡ ಶೇ. 10. ಅಡಕೆ ಕೊಯ್ಲಿನ ಸಮಯದಲ್ಲಿ ಬೆಳಗ್ಗಿನ ಸಭೆಗೆ ಜನ ಸೇರುವುದಿಲ್ಲ, ಅಪರಾಹ್ನ ಮೂರಕ್ಕೆ ಕೇಳಿಕೊಳ್ಳಿ. ದೊಡ್ಡ ಎಡವಟ್ಟು ಆಗುವುದು ಕೊನೆಯಲ್ಲಿ: ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಮನೆಗೆ ಹೋಗುತ್ತಾರೆ, ಠರಾವು ಆಮೇಲೆ ಯಾರೋ ಬರೆಯುತ್ತಾರೆ. ‘ಚರ್ಚಿಸಲಾಯಿತು’ ಎಂದು ಬರೆದರೆ ಏನೂ ಆಗಿಲ್ಲವೆಂದೇ ಅರ್ಥ. ‘ತೋಟ ಮುಂದುವರಿಸಬೇಕು, ವಾಹನಕ್ಕೆ ಹಣ ಇಡಬೇಕು ಎಂದು ತೀರ್ಮಾನಿಸಲಾಯಿತು’ ಎಂಬ ವಾಕ್ಯವನ್ನು ಓದಿಸಿ ಕೇಳಿದ ಮೇಲೆಯೇ ಏಳಬೇಕು.

ಖರ್ಚಿನ ಮಾತಿಗೆ ಮನೆಯ ಲೆಕ್ಕ ಕೊಟ್ಟೆವು. ಮಗ ಮನೆಯಲ್ಲಿ ಉಳಿದರೆ ತಾಯಿ ಕೆಲಸ ಬಿಡಬೇಕು. ಕೇರಳದಲ್ಲಿ ಉದ್ಯೋಗ ಖಾತರಿಯ ಕೂಲಿ 2025-26ರಲ್ಲಿ ದಿನಕ್ಕೆ 369 ರೂಪಾಯಿ ಇತ್ತು. ಹತ್ತು ದಿನ ತಪ್ಪಿದರೆ 3,690. ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಸರಕಾರಿ ಸಹಾಯಧನದಲ್ಲಿ ಆಗ ಸಿಗುತ್ತಿದ್ದದ್ದು ತಿಂಗಳಿಗೆ 600.

ಪಂಚಾಯತು ಮಣಿಯದಿದ್ದರೆ ಎಂದು ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ತಯಾರಿಟ್ಟಿದ್ದೆವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 80ನೇ ಸೆಕ್ಷನ್ನಿನಂತೆ ಅವರು ಶಿಫಾರಸು ಮಾಡಿದರೆ ಕೈಗೊಂಡ ಕ್ರಮವನ್ನು ಪಂಚಾಯತು ಮೂರು ತಿಂಗಳೊಳಗೆ ತಿಳಿಸಬೇಕು. ಅದು ಬೇಕಾಗಲಿಲ್ಲ. ಮುಚ್ಚುವ ಠರಾವು ಹಿಂದಕ್ಕೆ ಹೋಯಿತು, ಗಾಡಿಯ ಹಣ ಯೋಜನೆಯಲ್ಲಿ ಬೇರೆಯೇ ಬಾಬ್ತಾಗಿ ಬಂತು.

ಈ ಓಡಾಟದ ನಡುವೆ ತೋಟ ಮಾತ್ರ ಬಿಡಬೇಡಿ. ಎರಡು ವಾರ ಕೈಬಿಟ್ಟರೆ ಹುಲ್ಲು ಮೊಣಕಾಲಿಗೆ ಬರುತ್ತದೆ, ಅದರದ್ದೇ ಫೋಟೋ ತೆಗೆದು ‘ಪಾಳು ಬಿದ್ದಿದೆ’ ಎಂದು ತೋರಿಸುತ್ತಾರೆ. ಜನ ಕಡಿಮೆ ಇರುವ ವಾರಗಳಿಗೆ ಬಸಳೆಯೇ ಸರಿ: ಒಂದು ಗೇಣಿನ ದಂಟು ಊರಿ, ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿ, ದಿನಕ್ಕೆ ಒಂದು ಹೊತ್ತು ನೀರು ಕೊಟ್ಟರೆ ಚಪ್ಪರ ಹಸಿರಾಗಿಯೇ ಇರುತ್ತದೆ.