ಸೀಟಿನ ಹುಣ್ಣು: ಸೈಕಲ್ ಬಿಡದೆ ವಾಸಿ ಮಾಡಿಕೊಳ್ಳುವ ಬಗೆ

ಕೂತ ಜಾಗದಲ್ಲಿ ಉರಿ ಶುರುವಾದರೆ ಮೊದಲು ಬೇಕಾದದ್ದು ಮುಲಾಮಲ್ಲ, ಕನ್ನಡಿ. ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಕುಕ್ಕರುಗಾಲಿನಲ್ಲಿ ಕೂತು ನೋಡಿ, ಇಲ್ಲವೇ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಮುಜುಗರದಿಂದ ಈ ಕೆಲಸವನ್ನು ಎಲ್ಲರೂ ಮುಂದಕ್ಕೆ ಹಾಕುತ್ತಾರೆ. ಆದರೆ ಹುಣ್ಣು ಎಲ್ಲಿ ಎದ್ದಿದೆ, ಯಾವ ಬಗೆಯದು ಅನ್ನುವುದು ಗೊತ್ತಾಗದೆ ಹಚ್ಚಿದ ಔಷಧಿ ನಾಲ್ಕು ದಿನ ತಣ್ಣಗಿಟ್ಟು ಐದನೇ ದಿನ ಮತ್ತೆ ಅಲ್ಲೇ ಏಳುವ ಹುಣ್ಣಿಗೆ ದಾರಿ ಮಾಡಿಕೊಡುತ್ತದೆ.

ಕಾಣುವುದು ಸಾಮಾನ್ಯವಾಗಿ ಇಷ್ಟರಲ್ಲಿ ಒಂದು. ಚರ್ಮ ಕೆಂಪಾಗಿ, ಒರಟಾಗಿ, ಮುಟ್ಟಿದರೆ ಚುರುಗುಟ್ಟಿದರೆ ಅದು ಉಜ್ಜುಗಾಯ, ಬರೀ ತಿಕ್ಕಾಟದ ಫಲ. ಕೂದಲಿನ ಬುಡದಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ, ಕೆಲವಕ್ಕೆ ಬಿಳಿ ತುದಿ ಇದ್ದರೆ ಅದು ಕೂದಲ ಬುಡದ ಸೋಂಕು. ತಿಕ್ಕಾಟದಿಂದ ಬಾಯಿ ತೆರೆದ ಬುಡಕ್ಕೆ, ಚರ್ಮದ ಮೇಲೆ ಸದಾ ಇರುವ ಸ್ಟೆಫೈಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಬೆವರಿನ ಜೊತೆ ಇಳಿದಿರುತ್ತದೆ. ಅದೇ ಆಳಕ್ಕೆ ಹೋಗಿ ಕಡಲೆಕಾಳಿನಷ್ಟು ಗಟ್ಟಿಯಾಗಿ, ಬಿಸಿಯಾಗಿ, ಮಿಡಿಯತೊಡಗಿದರೆ ಕುರು. ಕೂರುವ ಮೂಳೆಯ ನೇರ ಕೆಳಗೆ ಚರ್ಮ ಒಡೆಯದೆಯೂ ಜಜ್ಜಿದಂತೆ ನೋಯುತ್ತಿದ್ದರೆ ಅದು ಒತ್ತಡದ ನೋವು. ಇನ್ನೊಂದು ವೇಷಧಾರಿ ಇದೆ: ತೊಡೆಸಂದಿನ ಮಡಿಕೆಯಲ್ಲಿ, ಅಂಚು ಮಾತ್ರ ಎದ್ದು ಕಾಣುವ, ನೋವಿಗಿಂತ ತುರಿಕೆಯೇ ಹೆಚ್ಚಿರುವ ಕೆಂಪು ಮಚ್ಚೆ. ಅದು ಹುಳುಕಡ್ಡಿಯ ಬಂಧು, ಅಂದರೆ ಶಿಲೀಂಧ್ರ. ಅದಕ್ಕೆ ಕ್ಲೋಟ್ರಿಮಜೋಲ್ 1% ಮುಲಾಮನ್ನು ದಿನಕ್ಕೆ ಎರಡು ಸಲ, ಮಚ್ಚೆ ಮಾಯವಾದ ಮೇಲೂ ಬಿಡದೆ ಎರಡರಿಂದ ನಾಲ್ಕು ವಾರ ಹಚ್ಚಬೇಕು. ಇದನ್ನು ಸೀಟಿನ ಹುಣ್ಣೆಂದುಕೊಂಡು ಸ್ಟೀರಾಯ್ಡ್ ಬೆರೆತ ಮಿಶ್ರ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಅಂಗೈಯಗಲ ಹರಡುತ್ತದೆ.

ಮೊದಲ ಮೂರು ದಿನ

ಉಜ್ಜುಗಾಯಕ್ಕೆ ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮೃದು ಸೋಪು ಸಾಕು. ಒರೆಸಬೇಡಿ, ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಮಲಗುವ ಮೊದಲು ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಹಚ್ಚಿ. ಮಕ್ಕಳ ಡಯಾಪರ್ ಉರಿಗೆ ಹಚ್ಚುವುದೂ ಇದೇ. ಸಡಿಲವಾದ ಹತ್ತಿ ಬಟ್ಟೆ ಹಾಕಿ, ಸಾಧ್ಯವಾದರೆ ಒಳಉಡುಪಿಲ್ಲದೆ ಮಲಗಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವ ಧೈರ್ಯ ಬೇಡ. ಅವು ಸೋಂಕನ್ನು ಕೊಲ್ಲುವ ಜೊತೆಗೆ ಹೊಸದಾಗಿ ಬೆಳೆಯುತ್ತಿರುವ ಚರ್ಮವನ್ನೂ ಸುಡುತ್ತವೆ.

ಬಿಳಿ ತುದಿಯ ಗುಳ್ಳೆಗಳಿಗೆ ಬೆನ್ಜಾಯ್ಲ್ ಪೆರಾಕ್ಸೈಡ್ ಒಳ್ಳೆಯ ಕೆಲಸ ಮಾಡುತ್ತದೆ. ಮೊಡವೆಗೆ ಸಿಗುವ 5% ಜೆಲ್ ಅನ್ನು ಗುಳ್ಳೆಯ ಮೇಲಷ್ಟೇ ಚುಕ್ಕಿ ಇಟ್ಟಂತೆ ರಾತ್ರಿ ಒಂದು ಸಲ ಹಚ್ಚಿ. ಒಡೆದ ಚರ್ಮಕ್ಕೂ ಜನನಾಂಗದ ನವಿರು ಚರ್ಮಕ್ಕೂ ಇದು ಸೋಕಬಾರದು. ಬಟ್ಟೆಯ ಬಣ್ಣ ತಿನ್ನುತ್ತದೆ, ಹಾಗಾಗಿ ಹಳೇ ಚಡ್ಡಿ, ಹಳೇ ಹೊದಿಕೆ.

ಕುರುವಿಗೆ ಶಾಖವೇ ಮದ್ದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಒತ್ತಿಡಿ; ಆರಿದಂತೆಲ್ಲ ಮತ್ತೆ ಅದ್ದಿ. ತಾನೇ ಒಡೆದು ಕೀವು ಹೋದರೆ ತೊಳೆದು, ಪೋವಿಡೋನ್ ಅಯೋಡಿನ್ ಸವರಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಇಟ್ಟು ಮುಚ್ಚಿ. ಹಿಚುಕುವುದು ಮಾತ್ರ ಬೇಡವೇ ಬೇಡ. ಕುರುವಿನ ಚೀಲದ ಗೋಡೆ ಒಳಗಡೆಗೇ ಒಡೆದು ಕೀವು ಪಕ್ಕದ ಕೊಬ್ಬಿಗೆ ಇಳಿದರೆ ಮೂರು ದಿನದ ಬಾಧೆ ಮೂರು ವಾರದ್ದಾಗುತ್ತದೆ. ಹೈಡ್ರೋಕಾರ್ಟಿಸೋನ್ 1% ಎಂಬ ಸ್ಟೀರಾಯ್ಡ್ ಮುಲಾಮು ಊತ ಇಳಿಸುತ್ತದೆ ನಿಜ, ಆದರೆ ಕೀವಿರುವ ಕಡೆ ಅದನ್ನು ಹಚ್ಚುವಂತಿಲ್ಲ.

ಯಾವಾಗ ಇಳಿಯಬೇಕು

ಚರ್ಮ ಒಡೆಯದಿದ್ದರೆ ಸವಾರಿ ಮುಂದುವರಿಸಬಹುದು. ಒಡೆದ ಉಜ್ಜುಗಾಯವಿದ್ದರೆ ಮುಚ್ಚಿಕೊಂಡು, ಅವಧಿ ಅರ್ಧಕ್ಕಿಳಿಸಿ ಹೋಗಬಹುದು. ಗಟ್ಟಿ ಕುರು ಇದ್ದರೆ ಎರಡು ಮೂರು ದಿನ ಸೀಟಿನಿಂದ ದೂರ ಇರುವುದೇ ಬುದ್ಧಿವಂತಿಕೆ. ಆ ಮೂರು ದಿನ ಉಳಿಸಲು ಹೋಗಿ ಇಡೀ ತಿಂಗಳು ಕಳೆದುಕೊಂಡವರೇ ಹೆಚ್ಚು. ಅಪ್ಪಟ ವೃತ್ತಿಪರರಿಗೂ ವಿನಾಯಿತಿ ಇಲ್ಲ: 1987ರಲ್ಲಿ ಸ್ಪೇನ್ ಸುತ್ತುವ ವುಯೆಲ್ಟಾ ಸೈಕಲ್ ರೇಸಿನಲ್ಲಿ ಮುಂಚೂಣಿಯಲ್ಲಿದ್ದ ಐರ್ಲೆಂಡಿನ ಶಾನ್ ಕೆಲ್ಲಿ ಮುಗಿಯಲು ಕೆಲವೇ ದಿನ ಇರುವಾಗ ಇದೇ ಹುಣ್ಣಿನಿಂದ ಸೈಕಲ್ ಇಳಿಯಬೇಕಾಯಿತು.

ಜ್ವರ, ಕುರುವಿನ ಸುತ್ತ ದಿನೇದಿನೇ ಹರಡುವ ಕೆಂಪು, ಅದರಿಂದ ಹೊರಟ ಕೆಂಪು ಗೆರೆ, ಗುದದ್ವಾರದ ಪಕ್ಕದ ಊತ, ಒಂದು ವಾರವಾದರೂ ಇಳಿಯದ ಗಂಟು: ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆ ಇರುವವರು ಇಷ್ಟಕ್ಕೂ ಕಾಯಬಾರದು. ಕುರು ಬಲಿತಿದ್ದರೆ ವೈದ್ಯರು ಕೊಯ್ದು ಕೀವು ತೆಗೆಯುತ್ತಾರೆ. ಪ್ರತಿಜೀವಕ ಬೇಕೋ ಬೇಡವೋ ಅವರೇ ಹೇಳಲಿ, ಮನೆಯಲ್ಲಿ ಮಿಕ್ಕ ಮಾತ್ರೆ ನುಂಗುವುದು ಬೇಡ. ವರ್ಷಗಟ್ಟಲೆ ತುಳಿದವರಲ್ಲಿ ಕೀವಿಲ್ಲದ, ರಬ್ಬರಿನಂತಹ ಗಂಟು ಬರುವುದುಂಟು. ಅದು ಸೋಂಕಲ್ಲ, ಒತ್ತಡಕ್ಕೆ ಒಳಗಿನ ಊತಕ ಗಟ್ಟಿಯಾದದ್ದು, ಯಾವ ಮುಲಾಮಿಗೂ ಕರಗದು. ಹೆಣ್ಣುಮಕ್ಕಳಲ್ಲಿ ಯೋನಿಯ ಹೊರತುಟಿ ಒಂದೇ ಪಕ್ಕ ಊದಿಕೊಂಡು ಸವಾರಿ ಮುಗಿದ ಮೇಲೂ ಇಳಿಯದಿದ್ದರೆ ಅದನ್ನೂ ತೋರಿಸಬೇಕು. ಜೋಮು ಹಿಡಿಯುವುದು ಬೇರೆಯೇ ವಿಷಯ. ಅದು ಚರ್ಮದ್ದಲ್ಲ, ನರದ ಮೇಲಿನ ಒತ್ತಡ. ಸೀಟು ಬದಲಿಸದೆ ಅದಕ್ಕೆ ಮದ್ದಿಲ್ಲ.

ಗಾಯ ಇಟ್ಟುಕೊಂಡೇ ತುಳಿಯುವುದು

ಒಡೆದ ಚರ್ಮದ ಮೇಲೆ ಹೈಡ್ರೋಕೊಲಾಯ್ಡ್ ಪಟ್ಟಿ ಅಂಟಿಸಿ. ಹಿಮ್ಮಡಿಯ ಬೊಬ್ಬೆಗೆ ಹಾಕುವ ದಪ್ಪ ಜೆಲ್ ಪಟ್ಟಿ ಅದೇ. ಅಂಟಿಸುವ ಜಾಗ ಪೂರ್ತಿ ಒಣಗಿರಬೇಕು, ಕ್ರೀಮು ಎಣ್ಣೆ ಏನೂ ಇರಬಾರದು. ಗಾಯಕ್ಕಿಂತ ಸುತ್ತಲೂ ಎರಡು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೌಕ ಮೂಲೆ ಇದ್ದರೆ ಅರ್ಧ ಗಂಟೆಯಲ್ಲಿ ಸುರುಳಿ ಏಳುತ್ತದೆ, ಆ ಸುರುಳಿಯೇ ಹೊಸ ಗಾಯ ಮಾಡುತ್ತದೆ. ಅಂಗೈಯಿಂದ ಒಂದು ನಿಮಿಷ ಅದುಮಿ ಹಿಡಿಯಿರಿ, ಮೈಶಾಖಕ್ಕೆ ಅಂಟು ಕೂರಬೇಕು. ಮಧ್ಯೆ ಬಿಳಿಯಾಗಿ ಉಬ್ಬಿದರೆ ಗಾಬರಿ ಬೇಡ, ಅದು ಒಸರಿದ ದ್ರವ. ಅಂಚು ಏಳದಿದ್ದರೆ ಎರಡು ಮೂರು ದಿನ ಹಾಗೇ ಬಿಡಬಹುದು. ಸೋಂಕಿನ ಗುಳ್ಳೆ, ಕುರುಗಳ ಮೇಲೆ ಇದನ್ನು ಅಂಟಿಸಬೇಡಿ, ಒಳಗೇ ಕುದಿಯುತ್ತದೆ.

ಹತ್ತು ನಿಮಿಷಕ್ಕೊಮ್ಮೆ 20ರಿಂದ 30 ಸೆಕೆಂಡ್ ಎದ್ದು ನಿಂತು ತುಳಿಯಿರಿ; ರಕ್ತ ಮತ್ತೆ ಆ ಜಾಗಕ್ಕೆ ಹರಿಯಲು ಅಷ್ಟು ಬೇಕು. ನಿಧಾನ ಸವಾರಿ ಹುಣ್ಣಿಗೆ ಮೃದು ಎಂಬ ನಂಬಿಕೆ ತಲೆಕೆಳಗು: ಪೆಡಲ್ ಮೇಲೆ ಬಲ ಬಿದ್ದಷ್ಟೂ ಸೀಟಿನ ಮೇಲಿನ ಭಾರ ಇಳಿಯುತ್ತದೆ. ಹಾಗಾಗಿ ಎರಡು ಗಂಟೆ ಆರಾಮಾಗಿ ಉರುಳುವುದಕ್ಕಿಂತ ನಲವತ್ತು ನಿಮಿಷ ಒತ್ತಿ ತುಳಿಯುವುದು ಮೇಲು. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದುರುವುದು ಕಡಿಮೆಯಾಗುತ್ತದೆ. ಎರಡು ಬೇರೆ ಬೇರೆ ಪ್ಯಾಡಿನ ಶಾರ್ಟ್ಸ್ (ಕೂರುವ ಕಡೆ ಮೆತ್ತೆ ಹೊಲಿದ ಸೈಕಲ್ ಚಡ್ಡಿ) ಇದ್ದರೆ ದಿನ ಬಿಟ್ಟು ದಿನ ಬದಲಿಸಿ, ಹೊಲಿಗೆ ಒಂದೇ ಕಡೆ ಕೂರುವುದಿಲ್ಲ.

ಕೋಣೆಯೊಳಗೆ ಟ್ರೇನರ್ (ಸೈಕಲನ್ನು ನಿಂತಲ್ಲೇ ಹಿಡಿದಿಡುವ ಸ್ಟ್ಯಾಂಡ್) ಮೇಲೆ ತುಳಿಯುವವರಿಗೆ ಇವೆಲ್ಲ ದುಪ್ಪಟ್ಟು ಅನ್ವಯ. ಅಲ್ಲಿ ಸೈಕಲ್ ಓಲಾಡುವುದಿಲ್ಲ, ಇಳಿಜಾರಿಲ್ಲ, ಎದುರುಗಾಳಿಯೂ ಇಲ್ಲ. ಒಂದೇ ಬಿಂದುವಿನ ಮೇಲೆ ಬೆವರಲ್ಲಿ ನೆಂದು ಕೂತಿರುತ್ತೀರಿ. ಫ್ಯಾನನ್ನು ಮುಖಕ್ಕಲ್ಲ, ಸೊಂಟದ ಮಟ್ಟಕ್ಕೆ ತಿರುಗಿಸಿ.

ಜಾಗ ನೋಡಿ ಸೈಕಲ್ ತಿದ್ದುವುದು

ಎರಡೂ ಕೂರುವ ಮೂಳೆಗಳ ಸುತ್ತ ಉಜ್ಜಿದ್ದರೆ ಸೀಟು ಎತ್ತರವಾಗಿರುವ ಸಾಧ್ಯತೆ ಮೊದಲು. ಪೆಡಲ್ ತಳಕ್ಕೆ ಹೋದಾಗಲೆಲ್ಲ ಕಾಲು ಎಟುಕಿಸಲು ಸೊಂಟ ಆ ಪಕ್ಕಕ್ಕೆ ವಾಲುತ್ತದೆ, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 4800 ಸಲ ಎರಡೂ ಪಕ್ಕ ತಿಕ್ಕಿದಂತಾಯಿತು. ಹಿಂದಿನಿಂದ ಯಾರಾದರೂ ವಿಡಿಯೊ ತೆಗೆದರೆ ವಾಲಾಟ ಕಣ್ಣಿಗೇ ಬೀಳುತ್ತದೆ. ಎತ್ತರಕ್ಕೆ ಒಂದು ಆರಂಭದ ಲೆಕ್ಕ: ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಕಾಲ ನಡುವೆ ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ ಪೆಡಲ್ ತೋಳುಗಳು ತಿರುಗುವ ಕ್ರ್ಯಾಂಕ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ 70.6 ಸೆಂ.ಮೀ. ಇದು ಕೊನೆಯ ಮಾತಲ್ಲ. ಪೆಡಲ್ ತಳದಲ್ಲಿದ್ದಾಗ ಮಂಡಿ 25ರಿಂದ 35 ಡಿಗ್ರಿ ಮಡಿಚಿರಬೇಕು. ಬದಲಿಸುವುದಾದರೆ ಒಂದು ಸಲಕ್ಕೆ 2–3 ಮಿ.ಮೀ., ಆಮೇಲೆ ಎರಡು ಸವಾರಿ. ಸೀಟ್ ಪೋಸ್ಟಿಗೆ, ಅಂದರೆ ಸೀಟನ್ನು ಹೊತ್ತ ಕೊಳವೆಗೆ, ಟೇಪಿನಿಂದ ಗುರುತು ಹಾಕಿಡಿ. ತಿಂಗಳಾದ ಮೇಲೆ ಪೋಸ್ಟ್ ತಾನೇ ಇಳಿದಿದ್ದರೆ ಅದೂ ಗೊತ್ತಾಗುತ್ತದೆ.

ಗಾಯ ಮುಂದಕ್ಕೆ, ನವಿರು ಭಾಗದಲ್ಲಿದ್ದರೆ ಸೀಟಿನ ಮೂಗು (ಮುಂತುದಿ) ಮೇಲೆದ್ದಿರಬಹುದು, ಇಲ್ಲವೇ ಹ್ಯಾಂಡಲ್ ದೂರವಾಗಿ ನೀವೇ ಮೂಗಿನ ಮೇಲೆ ಜಾರಿ ಕೂರುತ್ತಿರಬಹುದು. ಸೀಟಿನ ಉದ್ದಕ್ಕೂ ಗಟ್ಟಿ ಹಲಗೆ ಇಟ್ಟು ಅದರ ಮೇಲೆ ಫೋನಿನ ಲೆವೆಲ್ ನೋಡಿ. ಸಮತಟ್ಟಿನಿಂದ ಶುರು ಮಾಡಿ, ಬೇಕಾದರೆ ಮೂಗನ್ನು ಒಂದೆರಡು ಡಿಗ್ರಿ ಕೆಳಗಿಳಿಸಿ. ಅದಕ್ಕಿಂತ ಹೆಚ್ಚು ಇಳಿಸಿದರೆ ಜಾರುತ್ತೀರಿ, ಮತ್ತೆ ಹಿಂದಕ್ಕೆ ತಳ್ಳಿಕೊಳ್ಳುತ್ತೀರಿ, ಆ ಹಿಂದೆಮುಂದೆಯಲ್ಲೇ ಚರ್ಮ ಸುಲಿಯುತ್ತದೆ, ಅಂಗೈಯೂ ನೋಯುತ್ತದೆ. ದೂರವೇ ಕಾರಣವಾದರೆ 10 ಮಿ.ಮೀ. ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಸೈಕಲಿಗೆ ಹಿಡಿದಿಡುವ ತುಂಡು) ಹಾಕಿ.

ಒಳತೊಡೆ ಉಜ್ಜಿದ್ದರೆ ಸೀಟಿನ ಮುಂಭಾಗ ಅಗಲವಾಯಿತು. ಕೂರುವ ಮೂಳೆಗಳಿಗೆ ಸೀಟಿನ ಅಂಚು ಚುಚ್ಚಿದಂತಿದ್ದರೆ ಹಿಂಭಾಗ ಕಿರಿದಾಯಿತು. ಇದನ್ನು ಅಂದಾಜಿಗೆ ಬಿಡದೆ ಅಳೆಯಿರಿ. ಪೊಟ್ಟಣಗಳ ಏಣುಏಣಿನ ರಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ತೆಳು ಬಟ್ಟೆಯಲ್ಲಿ ಕೂತು, ಹಿಮ್ಮಡಿ ಎತ್ತಿ ಸವಾರಿಯಲ್ಲಿ ಬಾಗುವಷ್ಟೇ ಬಾಗಿ ಒಂದು ನಿಮಿಷ ಇರಿ. ಎದ್ದು, ರಟ್ಟಿನ ಮೇಲೆ ಟಾರ್ಚನ್ನು ಪಕ್ಕದಿಂದ ಮಲಗಿಸಿ ಬಿಟ್ಟರೆ ಎರಡು ತಗ್ಗು ನೆರಳಾಗಿ ಕಾಣುತ್ತವೆ. ಅವುಗಳ ನಡುಬಿಂದುಗಳ ಅಂತರಕ್ಕೆ 2ರಿಂದ 3 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ. ನೆಟ್ಟಗೆ ಕೂತು ಓಡಿಸುವವರಿಗೆ ಇನ್ನೂ ತುಸು ಹೆಚ್ಚು. ಅಗಲ ಸರಿಯಿಲ್ಲದಿದ್ದಾಗ ಜನ ಕೊಳ್ಳುವುದು ಜೆಲ್ ಸೀಟ್ ಕವರ್. ಅದರಲ್ಲಿ ಮೂಳೆ ಹುದುಗಿ, ಹುದುಗಿದ ಜೆಲ್ ನಡುವೆ ಉಬ್ಬಿ, ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ.

ಶಾರ್ಟ್ಸ್, ಕ್ರೀಮು, ಕೂದಲು

ಪ್ಯಾಡ್ ಇರುವ ಶಾರ್ಟ್ಸಿನ ಒಳಗೆ ಒಳಉಡುಪು ಹಾಕುವುದೇ ಹೊಸಬರ ಹುಣ್ಣಿಗೆ ಬಹುಪಾಲು ಕಾರಣ. ಅದರ ಹೊಲಿಗೆ ಸರಿಯಾಗಿ ತೊಡೆಸಂದಿನಲ್ಲಿ ಕೂರುತ್ತದೆ, ಹತ್ತಿ ಬೆವರು ಕುಡಿದು ಒದ್ದೆಯಾಗೇ ಉಳಿಯುತ್ತದೆ. ಪ್ಯಾಡ್ ಬರಿಮೈಗೆ ಸುಕ್ಕಿಲ್ಲದೆ ಅಂಟಿ ಕೂರಬೇಕು. ಅಳತೆಯಲ್ಲಿ ಗೊಂದಲವಿದ್ದರೆ ಬಿಗಿಯಾದದ್ದನ್ನೇ ಆರಿಸಿ, ಸಡಿಲ ಪ್ಯಾಡ್ ಸವಾರನ ಜೊತೆ ಅಲ್ಲ, ಸೀಟಿನ ಜೊತೆ ಓಡಾಡುತ್ತದೆ. ಪ್ರತಿ ಸವಾರಿಗೂ ಒಗೆದದ್ದು. ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಲ್ಲಿ ಒಗೆದು, ಸೋಪು ಉಳಿಯದಂತೆ ಎರಡು ಸಲ ಜಾಲಿಸಿ, ಪ್ಯಾಡ್ ಮೇಲ್ಮುಖವಾಗಿ ಪೂರ್ತಿ ಒಣಗಿಸಿ. ಫ್ಯಾಬ್ರಿಕ್ ಸಾಫ್ಟನರ್ ಬೇಡ, ಎಳೆಗಳಿಗೆ ಪೊರೆ ಕಟ್ಟಿ ಬೆವರು ಹೀರದಂತೆ ಮಾಡುತ್ತದೆ. ಪ್ಯಾಡನ್ನು ಬೆರಳಲ್ಲಿ ಅದುಮಿದರೆ ಎದ್ದು ಬರದೆ ಚಪ್ಪಟೆಯಾಗೇ ಉಳಿದರೆ ಅದರ ಆಯಸ್ಸು ಮುಗಿಯಿತು.

ಸವಾರಿಗೆ ಮುನ್ನ ಹಚ್ಚುವ ಸೈಕಲ್ ಕ್ರೀಮು ಹುಟ್ಟಿದ್ದೇ ಬೇರೆ ಕಾರಣಕ್ಕೆ. ಮೊದಲು ಪ್ಯಾಡ್ ಅನ್ನುವುದು ನಿಜವಾದ ಚರ್ಮದ ತುಂಡಾಗಿತ್ತು, ಒಗೆದು ಒಣಗಿಸಿದರೆ ಹಪ್ಪಳದಂತಾಗುತ್ತಿತ್ತು. ಅದನ್ನು ಮೆತ್ತಗಾಗಿಸಲು ಸವರುತ್ತಿದ್ದರು. ಈಗ ಅದರ ಕೆಲಸ ತಿಕ್ಕಾಟ ತಗ್ಗಿಸುವುದು. ಹೆಬ್ಬೆರಳ ತುದಿಯಷ್ಟನ್ನು ಮೈಗೇ, ತೊಡೆಸಂದಿನ ಮಡಿಕೆಗೂ ಕೂರುವ ಮೂಳೆಗಳ ಸುತ್ತಲೂ ಹಚ್ಚಿ. ಮೂರು ನಾಲ್ಕು ಗಂಟೆ ಮೀರಿದರೆ ಮತ್ತೊಮ್ಮೆ. ಮೆಂಥಾಲ್ ಇರುವುದು ಒಡೆದ ಚರ್ಮಕ್ಕೆ ಬೆಂಕಿ. ಪೆಟ್ರೋಲಿಯಂ ಜೆಲ್ಲಿಯೂ ಕೆಲಸ ಮಾಡುತ್ತದೆ, ಆದರೆ ಪ್ಯಾಡಿನಿಂದ ಒಗೆದು ತೆಗೆಯುವುದು ಕಷ್ಟ. ಪೌಡರ್ ಬೆವರಿಗೆ ಸಿಕ್ಕಿ ಉಂಡೆಯಾಗುತ್ತದೆ.

ಕೂದಲು ಬೋಳಿಸಬೇಡಿ. ಮೊಂಡಾಗಿ ಮತ್ತೆ ಬೆಳೆಯುವ ಕೂದಲು ಒಳಮುಖವಾಗಿ ಚುಚ್ಚಿ ಗುಳ್ಳೆಗೆ ದಾರಿ ಮಾಡುತ್ತದೆ. ತೊಂದರೆ ಕೊಡುತ್ತಿದ್ದರೆ ಟ್ರಿಮ್ಮರಿನಿಂದ ಕೆಲವು ಮಿ.ಮೀ. ಉಳಿಸಿ ಕತ್ತರಿಸಿ.

ಸವಾರಿ ಮುಗಿದೊಡನೆ ಶಾರ್ಟ್ಸ್ ಬಿಚ್ಚಿ, ಸೈಕಲ್ ಒರೆಸುವುದು, ಹರಟೆ ಎಲ್ಲ ಆಮೇಲೆ. ಸ್ನಾನಕ್ಕೆ ಅನುಕೂಲವಿಲ್ಲದ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ, ಸಡಿಲ ಚಡ್ಡಿ ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಹುಣ್ಣು ಪ್ರತಿ ಸಲ ಒಂದೇ ಪಕ್ಕ ಏಳುತ್ತಿದ್ದರೆ ಮುಲಾಮು ಬದಲಿಸುತ್ತಾ ಕೂರಬೇಡಿ. ಸೈಕಲ್ ಹಿಂದೆ ನಿಂತು ಸೀಟಿನ ಮೂಗು ಟಾಪ್ ಟ್ಯೂಬಿಗೆ (ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ನೇರವಾಗಿದೆಯೇ, ಸೀಟಿನ ಒಂದು ಮಗ್ಗುಲು ಕುಸಿದಿದೆಯೇ, ಎರಡೂ ಶೂಗಳ ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಅಡಿಯ ತುಂಡು) ಒಂದೇ ಜಾಗದಲ್ಲಿವೆಯೇ ನೋಡಿ. ಎಲ್ಲವೂ ಸರಿಯಿದ್ದರೆ ಕಾಲುಗಳ ಉದ್ದದಲ್ಲೇ ವ್ಯತ್ಯಾಸವಿರಬಹುದು. ಅದನ್ನು ಫಿಟ್ಟಿಂಗ್ ಬಲ್ಲವರಿಂದ ಅಳೆಸಿ, ಗಿಡ್ಡ ಕಾಲಿನ ಕ್ಲೀಟ್ ಅಡಿ ತೆಳು ಬಿಲ್ಲೆ ಹಾಕಿಸಿಕೊಳ್ಳಬೇಕು.