ಓಡಿದ ಮೇಲೆ ಮಂಡಿಚಿಪ್ಪಿನ ಸುತ್ತ ನೋವೇ? ಹೀಗೆ ಮಾಡಿ

ಮೆಟ್ಟಿಲು ಇಳಿಯುವಾಗ, ತುಂಬಾ ಹೊತ್ತು ಕೂತು ಏಳುವಾಗ ಮಂಡಿಚಿಪ್ಪಿನ ಸುತ್ತ ನೋಯುತ್ತಿದ್ದರೆ ಅದು ಹೆಚ್ಚಾಗಿ ‘ರನ್ನರ್ಸ್ ನೀ’ (runner's knee), ಅಂದರೆ ಓಟಗಾರರ ಮಂಡಿನೋವು. ಓಟದ ದೂರವನ್ನು ಒಮ್ಮೆಲೇ ಏರಿಸಿದ್ದೇ ಬಹಳ ಸಲ ಕಾರಣ.

ಮೊದಲ ಕೆಲವು ದಿನ ಓಟ ನಿಲ್ಲಿಸಿ, ನೋವಿಲ್ಲದಷ್ಟು ನಡೆಯಬಹುದು. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ನೋವಿನ ಮಾತ್ರೆ ನುಂಗಿ ಓಡಲೇಬೇಡಿ, ದೇಹ ಕೊಡುವ ಎಚ್ಚರಿಕೆಯೇ ಮುಚ್ಚಿಹೋಗುತ್ತದೆ.

ನಿಜವಾದ ಮದ್ದು ತೊಡೆ, ಸೊಂಟದ ಸ್ನಾಯುಗಳನ್ನು ಬಲಪಡಿಸುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿಟ್ಟು, ತುಸು ಹಿಂದಕ್ಕೆ ಸರಿಸಿ ಮೇಲಕ್ಕೆ ಎತ್ತಿ: 12 ಸಲದ 3 ಸುತ್ತು, ವಾರಕ್ಕೆ 3 ದಿನ. ಕಾಲು ಮುಂದಕ್ಕೆ ಜಾರಿದರೆ ಕೆಲಸವೆಲ್ಲ ತೊಡೆಯ ಮುಂಭಾಗಕ್ಕೆ ಹೋಗಿ, ಪೃಷ್ಠದ ಪಕ್ಕದ ಸ್ನಾಯು ಸುಮ್ಮನುಳಿಯುತ್ತದೆ. ಇದರ ಜೊತೆ, ಕನ್ನಡಿ ಎದುರು ಗಿಡ್ಡ ಮೆಟ್ಟಿಲಿನಿಂದ ಒಂದೊಂದೇ ಕಾಲಲ್ಲಿ ನಿಧಾನ ಇಳಿಯಿರಿ. ಮಂಡಿ ಒಳಕ್ಕೆ ವಾಲದೆ ಕಾಲಿನ ಎರಡನೇ ಬೆರಳಿನ ನೇರಕ್ಕಿರಬೇಕು. ಫಲ ಕಾಣಲು 6ರಿಂದ 12 ವಾರ ಹಿಡಿಯುತ್ತದೆ, ಬೇಗ ಕೈಬಿಡಬೇಡಿ.

ಮತ್ತೆ ಓಡುವಾಗ 1 ನಿಮಿಷ ಓಟ, 1 ನಿಮಿಷ ನಡಿಗೆ, 10 ಸಲ. ಹೆಜ್ಜೆ ಚಿಕ್ಕದಾಗಿರಲಿ. ನೋವಿಗೆ ಹತ್ತಕ್ಕೆ ಇಷ್ಟೆಂದು ನೀವೇ ಅಂಕ ಕೊಟ್ಟಾಗ ಅದು ಮೂರಕ್ಕಿಂತ ಹೆಚ್ಚಾದರೆ, ಇಲ್ಲವೇ ಮರುದಿನ ಬೆಳಗ್ಗೆಯೂ ಉಳಿದರೆ, ಮುಂದಿನ ಸಲ ಕಡಿಮೆ ಓಡಿ.

ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡರೆ, ಕುಸಿದಂತಾದರೆ ಮೂಳೆ ವೈದ್ಯರ ಬಳಿ ಹೋಗಿ. ಜ್ವರವೂ ಇದ್ದರೆ ಅದೇ ದಿನ.